ಕಡಲಾಚೆಯ ದಂಡಿಗೆ ಕೋಲಾರ ಸೀಮೆಯ ಕೊಡುಗೆ

೧

ದಂಡು ನಡೆಯಬೇಕಾದರೆ ಅದರ ಹಿಂದೆ ನಾಡೂ ನಡೆಯಬೇಕು. ಯೋಧನ ಮೈಮೇಲಿನ ಕಂಬಳಿ, ಕುದುರೆಯ ಚೀಲದ ಹುರುಳಿ, ಗಾಯಕ್ಕೆ ಸುತ್ತುವ ಬಟ್ಟೆ, ಗುಡಾರದ ಹಗ್ಗ ಇವೆಲ್ಲವೂ ಎಲ್ಲಿಯೋ ಒಬ್ಬ ರೈತನ ಹೊಲದಿಂದಲೋ ಒಬ್ಬ ನೇಕಾರನ ಮಗ್ಗದಿಂದಲೋ ಹೊರಟು ಬಂದಿರತಕ್ಕ ವಸ್ತುಗಳು. ಯುದ್ಧದ ಚರಿತ್ರೆಯನ್ನು ಬರೆಯುವವರು ಸೇನಾಪತಿಗಳ ಹೆಸರನ್ನೂ ಗೆಲವು ದೊರೆತ ದಿನವನ್ನೂ ತಪ್ಪದೆ ಗುರುತಿಸುವರು. ಆ ಸಾಮಗ್ರಿಗಳು ಯಾರ ಮನೆಯಿಂದ ಬಂದುವು, ಕೊಟ್ಟವರನ್ನು ಕೇಳಿ ತೆಗೆದುಕೊಂಡರೋ ಕೇಳದೆಯೇ ತೆಗೆದುಕೊಂಡರೋ ಎಂಬುದನ್ನು ವಿಚಾರಿಸುವವರು ವಿರಳ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿವೆ. ೨೦೦೭ನೆಯ ಇಸವಿಯವರೆಗೆ ಇವು ಕೋಲಾರ ಜಿಲ್ಲೆಯ ಭಾಗವಾಗಿದ್ದುವು. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆಯ ನೀರನ್ನೂ ಮುಗಿಲಿನ ಕರುಣೆಯನ್ನೂ ನಂಬಿದ ಸೀಮೆಯಿದು. ರಾಗಿ ಇಲ್ಲಿಯ ಅನ್ನ. ರೇಷ್ಮೆಯ ಗೂಡು ಇಲ್ಲಿಯ ರೊಕ್ಕ. ಇಂಥ ಸೀಮೆಯು ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳಲ್ಲಿ, ಈಜಿಪ್ಟಿನ ಮರಳಿನಲ್ಲಿಯೂ ಬರ್ಮಾದ ಕಾಡಿನಲ್ಲಿಯೂ ಕಾದಿದ ದಂಡುಗಳಿಗೆ ಯಾವ ಬಗೆಯಲ್ಲಿ ಕೊಡುಗೆಯಿತ್ತಿತು ಎಂಬುದನ್ನು ನೋಡುವಾಗ, ದಾನವೆಂಬ ಮಾತಿನ ಅರ್ಥವನ್ನೇ ಮೊದಲು ವಿಚಾರಿಸಬೇಕಾಗುತ್ತದೆ.

ಈ ವಿಚಾರಕ್ಕೆ ಅಳತೆಗೋಲು ಬೇರೆ ದೇಶದಿಂದ ಬರಬೇಕಾಗಿಲ್ಲ; ಇದೇ ಸೀಮೆಯ ವೀರಗಲ್ಲುಗಳಲ್ಲಿ ಅದು ದೊರೆಯುತ್ತದೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ೧೯೦೫ರಲ್ಲಿ ಪ್ರಕಟಿಸಿದರು. ಗಂಗರೂ ಬಾಣರೂ ನೊಳಂಬರೂ ಆಳಿದ ನಾಡಾದುದರಿಂದ, ತುರುಗಳನ್ನು ಬಿಡಿಸಲು ಹೋಗಿ ಮಡಿದವರ, ಊರನ್ನು ಕಾಯುತ್ತ ಬಿದ್ದವರ ಕಲ್ಲುಗಳು ಇಲ್ಲಿ ಹೆಜ್ಜೆ ಹೆಜ್ಜೆಗೆ ನಿಂತಿವೆ. ಹೀಗೆ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿ ಪುರಾತನವಾದದ್ದು. ನೆತ್ತರನ್ನು ಸುರಿಸಿದವನ ಕುಟುಂಬಕ್ಕೆ ಕೊಟ್ಟ ಭೂಮಿಗೆ ನೆತ್ತರುಗೊಡಗೆಯೆಂದೂ, ಕತ್ತಿಯನ್ನು ತೊಳೆದು ಗೌರವಿಸಿ ಕೊಟ್ಟದ್ದಕ್ಕೆ ಬಾಳ್ಗಚ್ಚೆಂದೂ ಶಾಸನಗಳಲ್ಲಿ ಹೆಸರು. ಈ ಪದ್ಧತಿಯಲ್ಲಿ ಕೊಡುಗೆಯು ನಡೆದ ದಾರಿ ಸ್ಪಷ್ಟವಾಗಿತ್ತು. ಕಾದಿದವನು ತನ್ನವರಿಗಾಗಿ ಕಾದಿದನು. ಆಳುವವನು ಅವನ ಮನೆಗೆ ನೆಲವನ್ನು ಕೊಟ್ಟನು. ಕೊಟ್ಟವನ ಹೆಸರೂ ಪಡೆದವನ ಹೆಸರೂ ಒಂದೇ ಕಲ್ಲಿನ ಮೇಲೆ ಉಳಿದುವು.

ಕಾಲಕ್ರಮದಲ್ಲಿ ದಂಡುಗಳು ದೊಡ್ಡವಾದುವು. ಅವುಗಳ ಹೊಟ್ಟೆಯೂ ದೊಡ್ಡದಾಯಿತು. ೧೭೯೧ನೆಯ ಇಸವಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದು ಶ್ರೀರಂಗಪಟ್ಟಣದ ಬಳಿಯವರೆಗೆ ಹೋಗಿದ್ದರೂ, ಧಾನ್ಯವಿಲ್ಲದೆಯೂ ಎತ್ತುಗಳು ಸತ್ತುಹೋದುದರಿಂದಲೂ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವನ ಸೈನ್ಯವು ನಂದಿದುರ್ಗಕ್ಕೆ ಲಗ್ಗೆಯಿಟ್ಟದ್ದು, ಉತ್ತರದ ಕಡೆಯಿಂದ ಬರುವ ಸಾಮಗ್ರಿಯ ದಾರಿಯನ್ನು ನಿರ್ಭಯವಾಗಿ ಮಾಡಿಕೊಳ್ಳುವುದಕ್ಕಾಗಿ. ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ಬರುತ್ತಿದ್ದ ಲಂಬಾಣಿಗಳು ಇಲ್ಲದಿದ್ದರೆ ಆ ಯುದ್ಧವು ನಡೆಯುತ್ತಲೇ ಇರಲಿಲ್ಲ. ನೆಲವನ್ನು ಪಡೆಯುತ್ತಿದ್ದ ವೀರನ ಕಾಲವು ಕಳೆದು, ನಾಡಿನಿಂದ ಧಾನ್ಯವನ್ನು ಎಳೆದುಕೊಳ್ಳುವ ದಂಡಿನ ಕಾಲವು ಬಂದಿತ್ತು.

೨

೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಇಂಗ್ಲಿಷರು ಮೈಸೂರಿನ ಒಡೆಯರ ಮನೆತನದೊಡನೆ ಮಾಡಿಕೊಂಡ ಕೌಲಿನಂತೆ, ಸಂಸ್ಥಾನವು ವರ್ಷಕ್ಕೆ ೭ ಲಕ್ಷ ನಕ್ಷತ್ರ ವರಹಗಳನ್ನು ಪೊಗದಿಯಾಗಿ ಕೊಡಬೇಕಾಯಿತು. ರೂಪಾಯಿನ ಲೆಕ್ಕದಲ್ಲಿ ಅದು ಸುಮಾರು ೨೪½ ಲಕ್ಷ. ಸಂಸ್ಥಾನವನ್ನು ಕಾಯುವ ಸೈನ್ಯದ ವೆಚ್ಚವೆಂಬುದು ಈ ಹಣಕ್ಕೆ ಹೇಳಿದ ಕಾರಣ. ೧೮೮೧ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗ ಈ ಮೊತ್ತವನ್ನು ೩೫ ಲಕ್ಷಕ್ಕೆ ಏರಿಸುವುದೆಂದು ಗೊತ್ತುಮಾಡಿದರು. ಕ್ಷಾಮದಿಂದ ಬಳಲಿದ್ದ ನಾಡಾದುದರಿಂದ ಏರಿಕೆಯು ೧೮೯೬ರವರೆಗೆ ನಿಂತು, ಆ ಬಳಿಕ ಜಾರಿಗೆ ಬಂದಿತು.

ಇದರ ಮೇಲೆ ಇನ್ನೊಂದು ಹೊರೆಯು ಸೇರಿತು. ೧೮೮೯ರ ಸುಮಾರಿಗೆ ಇಂಡಿಯಾ ಸರ್ಕಾರದವರು ದೇಶೀಯ ಸಂಸ್ಥಾನಗಳು ಚಕ್ರಾಧಿಪತ್ಯದ ಸೇವೆಗಾಗಿ ತಮ್ಮ ಖರ್ಚಿನಲ್ಲಿ ದಳಗಳನ್ನು ಇಟ್ಟಿರಬೇಕೆಂಬ ಏರ್ಪಾಟನ್ನು ಮಾಡಿದರು. ಮೈಸೂರಿನ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ಭರ್ಜಿಯ ಕುದುರೆ ಸವಾರರ ದಳವು ಹುಟ್ಟಿದ್ದು ಈ ಏರ್ಪಾಟಿನಿಂದ. ಸವಾರರ ಸಂಬಳ, ಕುದುರೆಗಳ ಮೇವು, ಜೀನು, ಲಾಯ ಎಲ್ಲವೂ ಸಂಸ್ಥಾನದ ಬೊಕ್ಕಸದ ಮೇಲೆ ಬಿದ್ದುವು.

ಸಂಸ್ಥಾನದ ಬೊಕ್ಕಸವೆಂದರೆ ಏನು? ಅದರ ಬಹುಭಾಗವು ಭೂಕಂದಾಯ. ಶಿಡ್ಲಘಟ್ಟದ ಕೆರೆಯ ಕೆಳಗಿನ ತರಿ, ಚಿಂತಾಮಣಿಯ ಖುಷ್ಕಿ, ಗೌರಿಬಿದನೂರಿನ ಉತ್ತರ ಪಿನಾಕಿನಿಯ ದಡದ ಹೊಲ, ಇವುಗಳ ಮೇಲೆ ಶಾನುಭೋಗನು ಬರೆದು ಪಟೇಲನು ವಸೂಲುಮಾಡಿದ ಹಣವು ತಾಲ್ಲೂಕು ಖಜಾನೆಯನ್ನು ಸೇರಿ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತಿತ್ತು. ಆದುದರಿಂದ ಲ್ಯಾನ್ಸರ್ಸ್ ದಳದ ಒಂದೊಂದು ಕುದುರೆಯ ಮೇವಿನಲ್ಲಿಯೂ ಈ ಸೀಮೆಯ ರೈತನ ಪಾಲು ಸೇರಿತ್ತೆಂದರೆ ಅದು ಉತ್ಪ್ರೇಕ್ಷೆಯಾಗದು.

೩

೧೯೧೪ನೆಯ ಆಗಸ್ಟ್ ೪ರಂದು ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಸೆಪ್ಟೆಂಬರ್ ತಿಂಗಳಲ್ಲಿ ವೈಸ್‌ರಾಯ್ ಲಾರ್ಡ್ ಹಾರ್ಡಿಂಜರು ಕಳುಹಿಸಿದ ತಂತಿವರ್ತಮಾನವನ್ನು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಓದಿದರು. ಇಂಡಿಯಾದ ರಾಜಮಹಾರಾಜರು ಏನೇನನ್ನು ಕೊಡಲು ಮುಂದಾಗಿರುವರೆಂಬ ಪಟ್ಟಿಯದು. ಗ್ವಾಲಿಯರಿನ ಸಿಂಧಿಯಾ, ಭೋಪಾಲದ ಬೇಗಮರು ಮೊದಲಾದವರು ಸೇರಿ ಲಾಯಲ್ಟಿ ಎಂಬ ಹೆಸರಿನ ಆಸ್ಪತ್ರೆಯ ಹಡಗನ್ನು ಒದಗಿಸಿದ್ದರು. ಬೇರೆ ಬೇರೆ ಅರಸರು ಕುದುರೆ, ಒಂಟೆ, ಹಣಗಳನ್ನು ಒಪ್ಪಿಸಿದ್ದರು. ಆ ಪಟ್ಟಿಯಲ್ಲಿ ಮೈಸೂರಿನ ಹೆಸರಿನ ಮುಂದೆ ಇದ್ದ ಮೊತ್ತ ೫೦ ಲಕ್ಷ ರೂಪಾಯಿ. ಕಡಲಾಚೆಗೆ ಹೊರಟ ದಂಡಿನ ವೆಚ್ಚಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಈ ಹಣವನ್ನು ಇಂಡಿಯಾ ಸರ್ಕಾರದ ವಶಕ್ಕೆ ಕೊಟ್ಟರು. ಅದಾಗಲೇ ವರ್ಷ ವರ್ಷವೂ ತೆರುತ್ತಿದ್ದ ೩೫ ಲಕ್ಷದ ಪೊಗದಿಯ ಜೊತೆಗೆ ಹೋಲಿಸಿದರೆ, ಒಂದು ವರ್ಷ ಐದು ತಿಂಗಳ ಪೊಗದಿಯನ್ನು ಒಂದೇ ಸಲಕ್ಕೆ ಎತ್ತಿಕೊಟ್ಟಂತೆ ಆಯಿತು.

ಆಗ ಮೈಸೂರಿನ ದಿವಾನಗಿರಿಯಲ್ಲಿದ್ದವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲಿ ಅಕ್ಷರಾಭ್ಯಾಸ ಮಾಡಿದ ಎಂ. ವಿಶ್ವೇಶ್ವರಯ್ಯನವರು. ೧೯೧೨ರಿಂದ ೧೯೧೮ರ ಕೊನೆಯವರೆಗಿನ ಅವರ ಆಡಳಿತಕಾಲದಲ್ಲಿ ಕನ್ನಂಬಾಡಿಯ ಕಟ್ಟೆಯು ಏಳುತ್ತಲಿತ್ತು. ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೬ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದುವು. ಒಂದೊಂದು ರೂಪಾಯಿಗೂ ನಾಡಿನಲ್ಲಿಯೇ ಕೆಲಸವಿದ್ದ ಕಾಲವದು. ಅಂಥ ಕಾಲದಲ್ಲಿ ೫೦ ಲಕ್ಷವು ಕಡಲನ್ನು ದಾಟಿತು.

ಈ ಹಣವನ್ನು ಕೊಡಬೇಕೆ ಬೇಡವೆ ಎಂದು ನಿರ್ಣಯಿಸುವ ಅಧಿಕಾರವು ಪ್ರಜೆಗಳ ಕೈಯಲ್ಲಿರಲಿಲ್ಲ. ೧೮೮೧ರಿಂದಲೂ ಪ್ರಜಾಪ್ರತಿನಿಧಿ ಸಭೆಯು ದಸರೆಯ ಸಮಯದಲ್ಲಿ ಸೇರುತ್ತಿತ್ತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯೂ ಏರ್ಪಟ್ಟಿತು. ಆದರೆ ಖರ್ಚಿನ ಬಾಬುಗಳ ಮೇಲೆ ಮತ ಹಾಕುವ ಅಧಿಕಾರವು ನ್ಯಾಯವಿಧಾಯಕ ಸಭೆಗೆ ದೊರೆತದ್ದು ೧೯೨೩ರ ಸುಧಾರಣೆಗಳಿಂದ, ಎಂದರೆ ಯುದ್ಧವು ಮುಗಿದು ಐದು ವರ್ಷಗಳಾದ ಮೇಲೆ. ಮಹಾರಾಜರವರ ಔದಾರ್ಯದಲ್ಲಿ ಸಂಶಯಪಡುವ ಕಾರಣವಿಲ್ಲ. ಅರಮನೆಯ ವೆಚ್ಚದಲ್ಲಿ ಮಿತವ್ಯಯಿಗಳೆಂದೂ ಪ್ರಜಾವತ್ಸಲರೆಂದೂ ಅವರಿಗಿದ್ದ ಕೀರ್ತಿ ಯಥಾರ್ಥವಾದದ್ದು. ಆದರೆ ಪಟ್ಟಿಯಲ್ಲಿ ಅರಸರ ದಾನವೆಂದು ಬರೆದದ್ದು, ತಾಲ್ಲೂಕಿನ ಲೆಕ್ಕದಲ್ಲಿ ಕಂದಾಯವೆಂದು ವಸೂಲಾದ ಹಣ. ಕೊಟ್ಟವನಿಗೆ ತಾನು ಕೊಟ್ಟೆನೆಂಬುದೇ ತಿಳಿಯದಿದ್ದರೆ ಅದಕ್ಕೆ ದಾನವೆಂಬ ಹೆಸರು ಒಪ್ಪುವುದೇ ಎಂಬ ಪ್ರಶ್ನೆ ಏಳುವುದು ಇಲ್ಲಿ.

೪

ಲ್ಯಾನ್ಸರ್ಸ್ ದಳವು ೧೯೧೪ರಲ್ಲಿಯೇ ಈಜಿಪ್ಟಿಗೆ ಹೊರಟು, ಹೈದರಾಬಾದು ಮುಂತಾದ ಸಂಸ್ಥಾನಗಳ ಸವಾರರೊಡನೆ ೧೫ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳದ ಬ್ರಿಗೇಡಿನಲ್ಲಿ ಸೇರಿತು. ೧೯೧೫ನೆಯ ಫೆಬ್ರವರಿಯಲ್ಲಿ ತುರ್ಕರು ಸೂಯೆಜ್ ಕಾಲುವೆಯನ್ನು ದಾಟಲು ಬಂದಾಗ ಅದನ್ನು ಕಾಯುತ್ತಿದ್ದ ಸೈನ್ಯದಲ್ಲಿ ಮೈಸೂರಿನವರೂ ಇದ್ದರು. ಆ ಮೇಲೆ ಯುದ್ಧವು ಸಿನಾಯ್ ಮರುಭೂಮಿಯನ್ನು ದಾಟಿ ಪಾಲೆಸ್ತೀನಕ್ಕೆ ಹೋಯಿತು.

ಕೆರೆಯ ಸೀಮೆಯವರಿಗೆ ಆ ಯುದ್ಧದ ಕಷ್ಟವು ಸುಲಭವಾಗಿ ಅರ್ಥವಾಗುವಂಥದು. ಅಲ್ಲಿ ಮೊದಲ ಶತ್ರು ಬಾಯಾರಿಕೆ. ನೈಲ್ ನದಿಯ ನೀರನ್ನು ಶುದ್ಧಿಮಾಡಿ, ಕಾಲುವೆಯ ಕೆಳಗಿಂದ ಕೊಳವೆಯಲ್ಲಿ ದಾಟಿಸಿ, ರೈಲು ಹಾದಿಯ ಪಕ್ಕದಲ್ಲಿಯೇ ಮರಳಿನ ಮೇಲೆ ಮುಂದೆ ಮುಂದೆ ಒಯ್ಯುತ್ತ ಹೋದರು. ಕೊಳವೆಯು ಮುಟ್ಟದ ಸ್ಥಳದಲ್ಲಿ ಒಂಟೆಗಳ ಮೇಲೆ ನೀರು ಹೋಗಬೇಕಾಗಿತ್ತು. ಒಂದು ಸವಾರ ದಳವು ಒಂದು ದಿನ ಕಾದಬೇಕಾದರೆ ಅದರ ಹಿಂದೆ ಇಷ್ಟೆಲ್ಲ ಪಡಿಯೂ ನೀರೂ ಮೇವೂ ನಡೆಯಬೇಕಾಗಿದ್ದುವು. ನಾನಾ ನಾಡುಗಳಿಂದ ಬಂದ ಹಣವು ಕರಗಿದ್ದು ಇಂಥ ಕೊಳವೆಗಳಲ್ಲಿ, ಹುರುಳಿಯ ಮೂಟೆಗಳಲ್ಲಿ, ಲಾಳಗಳಲ್ಲಿ.

೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವು ಸವಾರರ ವಶವಾಯಿತು. ಜೋಧಪುರದ ಲ್ಯಾನ್ಸರ್ಸ್ ದಳವು ಪಟ್ಟಣದೊಳಕ್ಕೆ ನುಗ್ಗಿದಾಗ, ಅವರ ಮೇಲೆ ಗುಂಡಿನ ಮಳೆಗರೆಯುತ್ತಿದ್ದ ಕಾರ್ಮೆಲ್ ಬೆಟ್ಟದ ತೋಪುಗಳನ್ನು ಹಿಡಿಯಲು ಮೈಸೂರಿನ ಸವಾರರು ಕಡಿದಾದ ಏರನ್ನು ಹತ್ತಿದರು. ೧೩೫೦ ಮಂದಿ ಸೆರೆಸಿಕ್ಕಿದರು. ೧೭ ತೋಪುಗಳು ಕೈವಶವಾದುವು. ದಾಳಿಮಾಡಿದವರಲ್ಲಿ ೮ ಮಂದಿ ಮಡಿದು ೩೪ ಮಂದಿ ಗಾಯಗೊಂಡರು; ಸತ್ತ ಕುದುರೆಗಳು ೬೦. ಜೋಧಪುರದ ಮೇಜರ್ ದಲಪತ್ ಸಿಂಗರು ಅಲ್ಲಿಯೇ ಪ್ರಾಣಬಿಟ್ಟರು. ಮುಂದೆ ಅಕ್ಟೋಬರ್ ೨೬ರಂದು ಅಲೆಪ್ಪೋ ನಗರದ ಆಚೆ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರಗಳ ಸವಾರರು ಮತ್ತೊಮ್ಮೆ ಕಾದಿದರು. ನಾಲ್ಕು ದಿನಗಳ ಬಳಿಕ ತುರ್ಕಿಯು ಯುದ್ಧವನ್ನು ನಿಲ್ಲಿಸಲು ಒಪ್ಪಿಕೊಂಡಿತು.

ಹೈಫಾದ ಜಯಘೋಷವು ಏಳುತ್ತಿದ್ದ ವಾರಗಳಲ್ಲಿಯೇ ಮೈಸೂರು ದೇಶದಲ್ಲಿ ಬೇರೊಂದು ಧ್ವನಿಯು ಕೇಳಿಬರುತ್ತಲಿತ್ತು. ಮಳೆಯು ಕೈಕೊಟ್ಟು, ಧಾನ್ಯದ ಬೆಲೆ ಏರಿ, ರೈಲು ಬಂಡಿಗಳು ಯುದ್ಧದ ಕೆಲಸದಲ್ಲಿದ್ದುದರಿಂದ ಹೊರಗಿನ ಧಾನ್ಯವೂ ಬಾರದೆ ಬಡವರು ಕಂಗಾಲಾಗಿದ್ದರು. ಅಷ್ಟರಲ್ಲಿ ವಿಷಮಶೀತ ಜ್ವರವು ಬಂದೆರಗಿತು. ದಂಡುಗಳು ತಿರುಗಿದ ಹಡಗಿನ ದಾರಿಯಿಂದಲೂ ರೈಲಿನ ದಾರಿಯಿಂದಲೂ ಈ ರೋಗವು ಇಂಡಿಯಾದಲ್ಲೆಲ್ಲ ಹರಡಿತು. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಕೂಡಿಸುವ ಚಿಕ್ಕ ರೈಲು ಹಾದಿಯು ಯುದ್ಧದ ವರ್ಷಗಳಲ್ಲಿಯೇ ಸಿದ್ಧವಾಗಿತ್ತು. ಗೌರಿಬಿದನೂರಿಗೆ ಬೆಂಗಳೂರಿನಿಂದ ಹಿಂದೂಪುರಕ್ಕೆ ಹೋಗುವ ರೈಲು ಅದಕ್ಕಿಂತ ಮೊದಲೇ ಬಂದಿತ್ತು. ಸಂಸ್ಥಾನದಲ್ಲಿ ಲಕ್ಷಕ್ಕಿಂತ ಹೆಚ್ಚು ಜನರು ಈ ಜ್ವರಕ್ಕೆ ತುತ್ತಾದರು. ೧೯೧೧ರ ಖಾನೇಷುಮಾರಿಯಲ್ಲಿ ೫೮ ಲಕ್ಷವಿದ್ದ ಮೈಸೂರಿನ ಜನಸಂಖ್ಯೆಯು ಹತ್ತು ವರ್ಷಗಳಲ್ಲಿ ಏರಿದ್ದು ಎರಡು ಲಕ್ಷಕ್ಕಿಂತಲೂ ಕಡಿಮೆ.

ಹೈಫಾದ ವೀರರ ನೆನಪಿಗಾಗಿ ೧೯೨೨ರಲ್ಲಿ ದಿಲ್ಲಿಯಲ್ಲಿ ಮೂರು ಕಂಚಿನ ಪ್ರತಿಮೆಗಳು ನಿಂತುವು. ಹೈದರಾಬಾದು, ಜೋಧಪುರ, ಮೈಸೂರುಗಳಿಗೆ ಒಂದೊಂದು. ೨೦೧೮ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ಹೆಸರಾಯಿತು. ಯೋಧರ ಪಾಲಿನ ಗೌರವವು ಹೀಗೆ ಸಂದಿತು, ಅದು ನ್ಯಾಯವೇ. ಆ ಕುದುರೆಗಳ ಹೊಟ್ಟೆಯನ್ನು ತುಂಬಿದವರಿಗೆ ಸಂದದ್ದೇನು ಎಂದು ಕೇಳಿದರೆ, ವೀರಗಲ್ಲಿನ ಕಾಲದ ಕೊಡುಗೆಯು ಈ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ.

೫

ಇಪ್ಪತ್ತು ವರ್ಷಗಳಲ್ಲಿ ನಾಡಿನ ಮನಸ್ಸು ಬದಲಾಯಿತು. ಕೇಳದೆ ಕೊಡಿಸುವ ಕಾಲವು ಹೋಗಿ, ಕೇಳಿದರೂ ಕೊಡಬೇಕೆ ಎಂದು ಪ್ರಜೆಗಳು ತಮ್ಮೊಳಗೆ ಚರ್ಚಿಸುವ ಕಾಲವು ಬಂದಿತು. ಇದರ ಗುರುತು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿಯೇ ಇದೆ. ೧೯೩೮ನೆಯ ಏಪ್ರಿಲ್ ೨೫ರಂದು, ಕಾಂಗ್ರೆಸ್ಸಿನ ಧ್ವಜವನ್ನು ಏರಿಸಕೂಡದೆಂಬ ಆಜ್ಞೆಯನ್ನು ಮೀರಿ ಸೇರಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಮಡಿದವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಮುಂದಿನ ತಿಂಗಳಲ್ಲಿ ವಲ್ಲಭಭಾಯಿ ಪಟೇಲರ ಮಧ್ಯಸ್ಥಿಕೆಯಿಂದ ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರವು, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಏರಿಸಲು ಒಪ್ಪಿತು.

ಅದೇ ೧೯೩೮ರ ಸೆಪ್ಟೆಂಬರಿನಲ್ಲಿ ಬೊಂಬಾಯಿನಿಂದ ಐದು ಮಂದಿ ವೈದ್ಯರು ಚೀನಾಕ್ಕೆ ಹಡಗೇರಿದರು. ಜಪಾನಿನ ಆಕ್ರಮಣವನ್ನು ಎದುರಿಸುತ್ತಿದ್ದ ಚೀನೀ ಯೋಧರ ಶುಶ್ರೂಷೆಗಾಗಿ ಕಾಂಗ್ರೆಸ್ಸು ಜನರಿಂದ ಹಣವನ್ನು ಕೂಡಿಸಿ ಕಳುಹಿಸಿದ ತಂಡವದು. ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ಆ ತಂಡದಲ್ಲಿದ್ದು, ೧೯೪೨ರಲ್ಲಿ ಅಲ್ಲಿಯೇ ತೀರಿಕೊಂಡರು. ಬೇಕೆಂದವನು ಕೊಟ್ಟನು, ಬೇಡವೆಂದವನು ಬಿಟ್ಟನು. ೧೯೧೪ರ ೫೦ ಲಕ್ಷದ ಮುಂದೆ ಈ ಹಣವು ಅತ್ಯಲ್ಪವಾದರೂ, ದಾನವೆಂಬ ಹೆಸರು ಇದಕ್ಕೆ ಸಂಪೂರ್ಣವಾಗಿ ಒಪ್ಪುತ್ತದೆ.

೧೯೩೯ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾದಾಗ ಇಂಡಿಯಾದ ಜನನಾಯಕರನ್ನು ಕೇಳದೆಯೇ ವೈಸ್‌ರಾಯರು ಇಂಡಿಯಾವನ್ನು ಯುದ್ಧದಲ್ಲಿ ಸೇರಿಸಿದರು. ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತುವು. ಸಂಸ್ಥಾನಗಳ ಕೊಡುಗೆ ಮಾತ್ರ ಹಳೆಯ ದಾರಿಯಲ್ಲಿಯೇ ನಡೆಯಿತು. ೧೯೪೧ನೆಯ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ವಾಯುಸೇನೆಯಲ್ಲಿ ೧೨೯ನೆಯ ದಳವು ಹುಟ್ಟಿತು; ಯುದ್ಧನಿಧಿಗೆ ಮೈಸೂರು ಕೊಟ್ಟ ಹಣದ ನೆನಪಿಗಾಗಿ ಅದಕ್ಕೆ ಮೈಸೂರು ದಳವೆಂಬ ಹೆಸರೂ, ಲಾಂಛನವಾಗಿ ಗಂಡಭೇರುಂಡವೂ ದೊರೆತುವು. ಸ್ಪಿಟ್‌ಫೈರ್ ವಿಮಾನಗಳನ್ನು ಹೊಂದಿದ್ದ ಆ ದಳವು ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಕಾದಿ, ೧೯೪೬ರಲ್ಲಿ ವಿಸರ್ಜಿತವಾಯಿತು. ಕನ್ನಡ ನಾಡಿನ ದೇವಾ­ಲಯಗಳ ಕಂಬಗಳಲ್ಲಿಯೂ ಅರಸರ ಮುದ್ರೆಯಲ್ಲಿಯೂ ಇದ್ದ ಎರಡು ತಲೆಯ ಹಕ್ಕಿಯು ಇಂಗ್ಲೆಂಡಿನ ಆಕಾಶದಲ್ಲಿ ಹಾರಾಡಿದ್ದು ಹೀಗೆ. ಆ ಹಕ್ಕಿಯ ರೆಕ್ಕೆಗೆ ಬಲವನ್ನು ಕೊಟ್ಟ ಹೊಲಗಳ ರೈತನಿಗೆ ಈ ಸುದ್ದಿ ಮುಟ್ಟಿತೋ ಇಲ್ಲವೋ!

೬

ಎರಡನೆಯ ಯುದ್ಧದಲ್ಲಿ ಈ ಸೀಮೆಗೆ ಬೊಕ್ಕಸದ ಹಣಕ್ಕಿಂತ ಹತ್ತಿರವಾದ ಇನ್ನೊಂದು ಸಂಬಂಧವಿತ್ತು. ಅದು ರೇಷ್ಮೆಯದು.

ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನು ತರಿಸಿ ಬೆಳೆಸಿದ ಈ ಕಸಬು, ಹತ್ತೊಂಬತ್ತನೆಯ ಶತಮಾನದಲ್ಲಿ ರೋಗಗಳಿಂದ ಕುಗ್ಗುತ್ತ ಮತ್ತೆ ಚಿಗುರುತ್ತ ಉಳಿದುಬಂದಿತ್ತು. ಹಿಪ್ಪುನೇರಳೆಯ ಸೊಪ್ಪನ್ನು ಹೊತ್ತುಹೊತ್ತಿಗೆ ಕೊಯ್ದು ಹಾಕಿ, ಹುಳುವಿನ ನಾಲ್ಕು ಜ್ವರಗಳನ್ನು ದಾಟಿಸಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು, ಗೂಡನ್ನು ಬಿಡಿಸುವವರೆಗೆ ಮನೆಯ ಹೆಂಗಸರಿಗೂ ಮಕ್ಕಳಿಗೂ ನಿದ್ರೆಯಿರುತ್ತಿರಲಿಲ್ಲ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಚರಕದ ಮೇಲೆ ನೂಲನ್ನು ತೆಗೆಯುವ ಕೆಲಸದಲ್ಲಿ ಶಿಡ್ಲಘಟ್ಟವು ಹೆಸರಾಯಿತು.

೧೯೩೦ರ ಬಳಿಕ ಜಪಾನು, ಚೀನಾಗಳ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಬಂದು ಬಿದ್ದುದರಿಂದ ಈ ಕಸಬಿಗೆ ಸಂಕಟವೊದಗಿತು. ೧೯೩೪ರಲ್ಲಿ ಇಂಡಿಯಾ ಸರ್ಕಾರವು ರಕ್ಷಣೆಯ ಸುಂಕವನ್ನು ವಿಧಿಸಿದರೂ ಸಂಕಟವು ಪೂರ್ಣವಾಗಿ ನೀಗಲಿಲ್ಲ. ಹೀಗಿರಲು ೧೯೪೧ನೆಯ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿಯಿತು. ಜಪಾನಿನ ರೇಷ್ಮೆಯು ಮಿತ್ರರಾಷ್ಟ್ರಗಳಿಗೆ ಒಮ್ಮೆಗೇ ನಿಂತುಹೋಯಿತು. ವಿಮಾನದಿಂದ ಧುಮುಕುವ ಯೋಧನ ಪ್ರಾಣವು ನಿಂತಿರುವುದು ಪ್ಯಾರಾಚೂಟಿನ ಬಟ್ಟೆಯ ಮೇಲೆ. ಹಗುರವಾಗಿಯೂ ಬಲವಾಗಿಯೂ ಇದ್ದು, ಮಡಿಸಿದ್ದು ಕ್ಷಣದಲ್ಲಿ ಬಿಚ್ಚಿಕೊಳ್ಳುವ ಗುಣವು ರೇಷ್ಮೆಗಿದ್ದಂತೆ ಆ ಕಾಲದ ಬೇರೆ ನೂಲುಗಳಿಗೆ ಇರಲಿಲ್ಲ. ಅಮೆರಿಕದ ನೈಲಾನು ಆಗತಾನೇ ಬಳಕೆಗೆ ಬರುತ್ತಲಿತ್ತು. ಇಂಡಿಯಾದಲ್ಲಿ ೫೦ನೆಯ ಪ್ಯಾರಾಚೂಟ್ ಬ್ರಿಗೇಡು ೧೯೪೧ರಲ್ಲಿಯೇ ಏರ್ಪಟ್ಟಿತ್ತು. ಆದರೆ ಅದರ ಅಭ್ಯಾಸಕ್ಕೆ ಸಾಕಷ್ಟು ಪ್ಯಾರಾಚೂಟುಗಳಿರಲಿಲ್ಲ. ಹೀಗಾಗಿ ಮೈಸೂರು, ಕಾಶ್ಮೀರಗಳ ರೇಷ್ಮೆಯ ಕಡೆಗೆ ಸರ್ಕಾರದ ದೃಷ್ಟಿ ತಿರುಗಿತು.

ಇಲ್ಲಿ ಕಸಬಿನ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಹಲವು ಗೂಡುಗಳ ಎಳೆಗಳನ್ನು ಕೂಡಿಸಿದರೆ ಒಂದು ನೂಲು. ಚರಕದ ಮೇಲೆ ಒಂದು ಗೂಡಿನ ಎಳೆ ಮುಗಿದಾಗ ಇನ್ನೊಂದನ್ನು ಸೇರಿಸುವ ಕೆಲಸವು ಕೈಯ ಅಂದಾಜಿನದು. ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣವಾಗುವುದು ಸಹಜ. ಸೀರೆಗೆ ಅದರಿಂದ ಬಾಧಕವಿಲ್ಲ. ಕೈಮಗ್ಗದ ಸೀರೆಗೆ ಒಂದು ಬಗೆಯ ಮೈಯೂ ಬರುವುದು. ಪ್ಯಾರಾಚೂಟಿಗೆ ಮಾತ್ರ ಎಲ್ಲೆಡೆಯೂ ಒಂದೇ ಸಮನಾದ ನೂಲು ಬೇಕು. ಎಳೆಯ ಒಂದು ದುರ್ಬಲ ಜಾಗವು ಒಬ್ಬನ ಪ್ರಾಣಕ್ಕೆ ಸಮ. ಅಂಥ ನೂಲನ್ನು ಕೊಡುವುದು ಹಬೆಯಿಂದ ನಡೆಯುವ ಫಿಲೇಚರುಗಳು. ಆದುದರಿಂದ ಮೈಸೂರು ಸರ್ಕಾರವು ಯುದ್ಧದ ವರ್ಷಗಳಲ್ಲಿ ಫಿಲೇಚರುಗಳನ್ನು ಹೆಚ್ಚಿಸಿತು. ಫಿಲೇಚರಿಗೆ ಒಳ್ಳೆಯ ಗೂಡು ಹೋಯಿತು. ಹೊರದೇಶದ ನೂಲು ನಿಂತುದರಿಂದ ದಕ್ಷಿಣ ದೇಶದ ಸೀರೆಯ ಮಗ್ಗಗಳೆಲ್ಲ ಚರಕದ ನೂಲಿಗೆ ಕೈಯೊಡ್ಡಿದುವು. ಗೂಡಿನ ಬೆಲೆ ಏರಿತು. ಹಿಪ್ಪುನೇರಳೆಯನ್ನು ಕಿತ್ತು ರಾಗಿ ಹಾಕಬೇಕೆಂದಿದ್ದ ರೈತನು ಇನ್ನಷ್ಟು ಕಡ್ಡಿಯನ್ನು ನೆಟ್ಟನು.

ಇದನ್ನು ದಾನವೆನ್ನಲಾಗದು, ಇದು ಬೆಲೆಗೆ ಕೊಟ್ಟ ಸರಕು. ಆದರೂ ರೈತನು ತಾನು ಏನನ್ನು ಕೊಡುತ್ತಿರುವೆನೆಂದು ಬಲ್ಲವನಾಗಿ, ಒಪ್ಪಿ, ತಕ್ಕಡಿಯ ಮುಂದೆ ನಿಂತು ಕೊಟ್ಟನು. ಆ ದೃಷ್ಟಿಯಿಂದ ಅರಸರ ದಾನಪಟ್ಟಿಯಲ್ಲಿ ಸೇರಿಹೋದ ಕಂದಾಯಕ್ಕಿಂತ ಈ ವ್ಯಾಪಾರವು ಹೆಚ್ಚು ಮರ್ಯಾದೆಯುಳ್ಳದ್ದು.

ಯೋಧನ ಕಡೆಯಿಂದ ನೋಡಿದರೆ ಈ ನೂಲಿನ ಬೆಲೆ ಇನ್ನೂ ಚೆನ್ನಾಗಿ ಕಾಣುವುದು. ೧೯೪೪ನೆಯ ಫೆಬ್ರವರಿಯಲ್ಲಿ ಅರಾಕಾನಿನಲ್ಲಿಯೂ, ಮಾರ್ಚಿನಿಂದ ಜೂನಿನವರೆಗೆ ಇಂಫಾಲದಲ್ಲಿಯೂ ಜಪಾನಿನವರು ೧೪ನೆಯ ಸೈನ್ಯದ ದಾರಿಗಳನ್ನು ಕಡಿದಾಗ, ಅಕ್ಕಿ, ಹಿಟ್ಟು, ಮದ್ದುಗುಂಡು, ಔಷಧಗಳೆಲ್ಲ ಆಕಾಶಮಾರ್ಗವಾಗಿಯೇ ಬರಬೇಕಾಯಿತು. ಸಾಮಾನುಗಳನ್ನು ಇಳಿಸುವುದಕ್ಕೆ ಬೇಕಾದ ಪ್ಯಾರಾಚೂಟುಗಳು ಸಾಲದೆ, ಸೇನಾಧಿಪತಿ ಸ್ಲಿಮ್ ಅವರು ಕಲ್ಕತ್ತೆಯ ಗಿರಣಿಗಳಲ್ಲಿ ಸೆಣಬಿನ ಪ್ಯಾರಾಚೂಟುಗಳನ್ನು ಮಾಡಿಸಿದರು. ಅವುಗಳಿಗೆ ಪ್ಯಾರಾಜೂಟ್ ಎಂದು ಹೆಸರು. ಮನುಷ್ಯನನ್ನು ಇಳಿಸಲು ಅವು ತಕ್ಕವಲ್ಲದಿದ್ದರೂ ಮೂಟೆಗಳನ್ನು ಇಳಿಸಲು ಸಾಕಾಗಿದ್ದುವು. ಒಂದರ ಬೆಲೆ ಸುಮಾರು ಒಂದು ಪೌಂಡು, ಒಳ್ಳೆಯ ಪ್ಯಾರಾಚೂಟಿನದು ಇಪ್ಪತ್ತು ಪೌಂಡು. ಮೂಟೆಗೆ ಸೆಣಬು, ಮನುಷ್ಯನಿಗೆ ರೇಷ್ಮೆ ಎಂಬ ಈ ವಿಭಾಗದಲ್ಲಿ ಗೂಡು ಬೆಳೆದವರ ಶ್ರಮದ ಮೌಲ್ಯವು ಅಡಗಿದೆ.

೭

ಕೊಟ್ಟದ್ದು ಮುಟ್ಟದೆ ಹೋದ ಸಂದರ್ಭವೂ ಉಂಟು. ಮೈಸೂರು ಪದಾತಿ ದಳದ ಒಂದನೆಯ ಪಟಾಲಮು ಸಿಂಗಪುರದಲ್ಲಿತ್ತು. ೧೯೪೨ನೆಯ ಫೆಬ್ರವರಿ ೧೫ರಂದು ಆ ದ್ವೀಪವು ಜಪಾನಿನವರ ವಶವಾದಾಗ ಅದರ ಯೋಧರೂ ಸೆರೆಯಾದರು. ಯುರೋಪಿನಲ್ಲಿ ಸೆರೆಸಿಕ್ಕಿದವರಿಗೆ ರೆಡ್‌ಕ್ರಾಸಿನ ಪೊಟ್ಟಣಗಳು ಒಂದು ಕ್ರಮದಿಂದ ಸೇರುತ್ತಿದ್ದುವು. ಜಪಾನಿನವರ ಕೈಯಲ್ಲಿದ್ದವರಿಗೆ ಅವು ಸೇರಿದ್ದು ಅತ್ಯಲ್ಪ. ತಾಯಂದಿರು ನೂತ, ಹೆಣೆದ, ಕಟ್ಟಿಕೊಟ್ಟ ಸಾಮಾನುಗಳಿಗೆ ಮೂರೂವರೆ ವರ್ಷಗಳ ಕಾಲ ದಾರಿಯೇ ಇರಲಿಲ್ಲ.

ಅದೇ ಸಮಯದಲ್ಲಿ ಮಲಯ, ಬರ್ಮಾಗಳಲ್ಲಿ ನೆಲೆಸಿದ್ದ ಭಾರತೀಯರು ಬೇರೊಂದು ದಂಡಿಗೆ ಕೊಡುತ್ತಿದ್ದರು. ೧೯೪೩ರಲ್ಲಿ ಸುಭಾಷಚಂದ್ರ ಬೋಸರು ಆಜಾದ್ ಹಿಂದ್ ಫೌಜಿನ ನಾಯಕತ್ವವನ್ನು ವಹಿಸಿ ಸಹಾಯವನ್ನು ಬೇಡಿದಾಗ, ವರ್ತಕರೂ ತೋಟದ ಕೂಲಿಗಳೂ ಹಣವನ್ನೂ, ಹೆಂಗಸರು ಮೈಮೇಲಿನ ಒಡವೆಗಳನ್ನೂ ಕೊಟ್ಟರು. ಸಿರಿವಂತ ವರ್ತಕರಲ್ಲಿ ಕೆಲವರ ಮೇಲೆ ಒತ್ತಾಯವೂ ಬಿದ್ದಿತ್ತು. ಆದುದರಿಂದ ಅಲ್ಲಿಯೂ ದಾನ, ತೆರಿಗೆಗಳ ನಡುವಿನ ಗೆರೆಯು ಎಲ್ಲೆಡೆಯಲ್ಲಿಯೂ ಸ್ಪಷ್ಟವಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಆದರೂ ಕೂಲಿಯವಳು ಕಳಚಿಕೊಟ್ಟ ಬಳೆಗೆ ಯಾವ ಪಟೇಲನ ಜಪ್ತಿಯ ಭಯವೂ ಕಾರಣವಾಗಿರಲಿಲ್ಲ.

ಇತ್ತ ನಾಡಿನಲ್ಲಿ, ೧೯೪೨ರಲ್ಲಿ ಬರ್ಮಾ ಕೈಬಿಟ್ಟು ಅಲ್ಲಿಯ ಅಕ್ಕಿಯು ನಿಂತ ಮೇಲೆ, ರೈತನ ಕಣಜದಿಂದ ಧಾನ್ಯವನ್ನು ನಿಯಮಿತ ಬೆಲೆಗೆ ಸರ್ಕಾರಕ್ಕೆ ಅಳೆಯಿಸಿಕೊಳ್ಳುವ ಲೆವಿಯು ಬಂದಿತು. ಪಟ್ಟಣಗಳಲ್ಲಿ ರೇಷನ್ ಚೀಟಿಗಳು ಬಂದುವು. ಗೂಡಿನಿಂದ ಬಂದ ಲಾಭದ ಒಂದು ಪಾಲನ್ನು ಧಾನ್ಯದ ಅಭಾವವೂ ಬೆಲೆಯೇರಿಕೆಯೂ ಕಿತ್ತುಕೊಂಡುವು. ಯುದ್ಧವು ಮುಗಿದೊಡನೆ ಪ್ಯಾರಾಚೂಟಿನ ಬೇಡಿಕೆ ನಿಂತು, ರೇಷ್ಮೆಯ ಕಸಬು ಮತ್ತೆ ತೊಡಕಿಗೆ ಸಿಕ್ಕಿತು. ಅದನ್ನು ಕಾಪಾಡುವ ಸಲುವಾಗಿ ೧೯೪೮ರ ಕಾಯಿದೆಯಂತೆ ೧೯೪೯ರಲ್ಲಿ ಕೇಂದ್ರ ರೇಷ್ಮೆ ಮಂಡಲಿಯು ಏರ್ಪಟ್ಟಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯು ಇಂದು ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು.

ಈ ಎಲ್ಲ ವೃತ್ತಾಂತವನ್ನು ಕೂಡಿಸಿ ನೋಡಿದರೆ, ಕಡಲಾಚೆಯ ದಂಡಿಗೆ ಈ ಸೀಮೆಯು ಮೂರು ಬಗೆಯಲ್ಲಿ ಕೊಟ್ಟಿತೆಂದು ಕಾಣುತ್ತದೆ. ಕಂದಾಯದ ಮೂಲಕ ಕೊಟ್ಟದ್ದು ಅರಸರ ಹೆಸರಿನಲ್ಲಿ ಸಂದಿತು. ಗೂಡಿನ ಮೂಲಕ ಕೊಟ್ಟದ್ದು ಬೆಲೆಯನ್ನು ಪಡೆದು ಸಂದಿತು. ಲೆವಿಯ ಮೂಲಕ ಕೊಟ್ಟದ್ದು ಆಜ್ಞೆಗೆ ತಲೆಬಾಗಿ ಸಂದಿತು. ಮೂರರಲ್ಲಿಯೂ ವಸ್ತುವು ಒಂದೇ ನೆಲದ್ದು, ಒಂದೇ ಬೆವರಿನದು. ಆದರೆ ಕೊಟ್ಟವನನ್ನು ಕೇಳಿದ್ದು ಎರಡನೆಯದರಲ್ಲಿ ಮಾತ್ರ. ೧೯೨೩ರಲ್ಲಿ ಸಭೆಗೆ ದೊರೆತ ಮತದ ಅಧಿಕಾರಕ್ಕೂ ೧೯೩೮ರಲ್ಲಿ ವಿದುರಾಶ್ವತ್ಥದಲ್ಲಿ ಎದ್ದ ಧ್ವಜಕ್ಕೂ ಅರ್ಥವಿರುವುದು ಇದರಲ್ಲಿಯೇ. ತನ್ನ ಹೊಲದ ಹಣವು ಎಲ್ಲಿಗೆ ಹೋಗಬೇಕೆಂದು ಹೇಳುವ ಅಧಿಕಾರ ರೈತನಿಗೆ ಬಂದ ಮೇಲೆ, ಅವನು ಯೋಧನಿಗೆ ಕೊಟ್ಟದ್ದನ್ನು ಸಂಕೋಚವಿಲ್ಲದೆ ದಾನವೆನ್ನಬಹುದು.

ಈ ಚರಿತ್ರೆಯ ಪೂರ್ಣ ಸಾಮಗ್ರಿಯು ಅರಮನೆಯ ದಫ್ತರಗಳಲ್ಲಿಲ್ಲ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳಲ್ಲಿಯೂ, ಶಾನುಭೋಗರ ಮನೆತನಗಳ ಲೆಕ್ಕದ ಪುಸ್ತಕಗಳಲ್ಲಿಯೂ, ನೂಲು ಬಿಚ್ಚುವವರ ಮತ್ತು ಗೂಡಿನ ವರ್ತಕರ ಖಾತೆಗಳಲ್ಲಿಯೂ, ಪೆಟ್ಟಿಗೆಗಳ ಅಡಿಯಲ್ಲಿರುವ ಪಿಂಚಣಿಯ ಚೀಟಿ, ಪದಕ, ಕಾಗದಗಳಲ್ಲಿಯೂ ಅದು ಚದುರಿದೆ. ಕೋಲಾರ ಸೀಮೆಯ ವೀರಗಲ್ಲುಗಳನ್ನು ಹೊಲಗಳ ಬದುವಿನಿಂದಲೂ ಕೆರೆಯ ಏರಿಯಿಂದಲೂ ಹುಡುಕಿ ಓದಿದವರ ಶ್ರಮದಿಂದ ಸಾವಿರ ವರ್ಷಗಳ ಹಿಂದಿನ ಯೋಧರ ಹೆಸರುಗಳು ಉಳಿದುವು. ನೂರು ವರ್ಷಗಳ ಹಿಂದಿನ ಈ ಕಾಗದಗಳಿಗೆ ಕಲ್ಲಿನ ಆಯುಸ್ಸಿಲ್ಲ. ಗೆದ್ದಲು ಮೊದಲು ಓದಿಬಿಡುವುದಕ್ಕೆ ಮುಂಚೆ ಊರೂರಿನ ವಿದ್ಯಾವಂತ ಮನೆಗಳವರು ಅವನ್ನು ತೆಗೆದು ನಕಲು ಮಾಡಿಟ್ಟರೆ, ಹೈಫಾದ ಸವಾರನ ಹೆಸರಿನ ಪಕ್ಕದಲ್ಲಿ ಅವನ ಕುದುರೆಗೆ ಹುರುಳಿಯನ್ನು ಕೊಟ್ಟ ಹಳ್ಳಿಯ ಹೆಸರೂ ನಿಲ್ಲುವುದು.